ಎದ್ದು ಬರುವ ಬಟನ್

ಸಿರುಗುಪ್ಪದ ನನ್ನ ಗೆಳೆಯನಷ್ಟು ಚೆನ್ನಾಗಿ ಚೌಕಾಶಿ ಮಾಡುವವರು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ನಂಬಿದ್ದೆ, ಕುರುಗೋಡಿನ ಪಿ.ಟಿ. ಮಾಸ್ತರರು ನಂಬಿದ್ದರು, ಕೊನೆಗೆ ಗೆಳೆಯನ ಅಪ್ಪನೂ ನಂಬಿದರು. ನಂಬಿಕೆಗೆ ಆಧಾರ ಟಿವಿಯಲ್ಲಿ ಆಡುವ ಒಂದು ಫುಟ್‌ಬಾಲ್ ಆಟ. ಊರಿನ ಬೇರೆ ನಂಬಿಕೆಗಳಿಗೆ ಇದಕ್ಕಿಂತ ಗಟ್ಟಿ ಆಧಾರ ಇರುವುದನ್ನು ನಾನು ಕಂಡಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಆ ಆಟದಲ್ಲಿ ಪಂದ್ಯ ಆಡುವುದಷ್ಟೇ ಅಲ್ಲ. ಒಂದು ಕ್ಲಬ್ಬಿನ ಮ್ಯಾನೇಜರ್ ಆಗಿ ಕೂತು ಆಟಗಾರರನ್ನು ಕೊಳ್ಳಬಹುದು, ಮಾರಬಹುದು, ಎರವಲು ಕೊಡಬಹುದು. ನಮಗೆ ಸೇರಿದ್ದು ಈ ಭಾಗ. ಪಂದ್ಯ ಆಡಿದರೆ ಸೋಲುತ್ತಿದ್ದೆವು. ವ್ಯಾಪಾರದಲ್ಲಿ ಸೋತದ್ದು ಅಷ್ಟು ಬೇಗ ಗೊತ್ತಾಗುವುದಿಲ್ಲ.

ನಾನು ಒಂದು ಖಾಸಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಬಳ್ಳಾರಿಯ ಗಾಂಧಿನಗರದ ನನ್ನ ಬಾಡಿಗೆ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಮೂವರೂ ಸೇರುತ್ತಿದ್ದೆವು. ಗೆಳೆಯನ ಅಪ್ಪನಿಗೆ ಸಿರುಗುಪ್ಪದಲ್ಲಿ ರೈಸ್ ಮಿಲ್ ಇದೆ. ಗೆಳೆಯನನ್ನು ನಾವು ಮಿಲ್ಲಿನವ ಎನ್ನುತ್ತಿದ್ದೆವು. ಮಿಲ್ಲಿನಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಭತ್ತ ಕೊಳ್ಳುವವರು ಕೂರುವ ಗಾದಿ ಅಪ್ಪನದು. ಅಪ್ಪನಿಗೆ ಮೊಣಕಾಲು ನೋವು ಶುರುವಾಗಿ, ಮುಂದಿನ ಸುಗ್ಗಿಗೆ ಗಾದಿಯ ಮೇಲೆ ಮಗ ಕೂರಬೇಕೋ ಅಳಿಯ ಕೂರಬೇಕೋ ಎಂಬ ಪ್ರಶ್ನೆ ಎದ್ದಿತ್ತು. ಮಗನ ಚರಿತ್ರೆ ಅಳಿಯನ ಪರವಾಗಿತ್ತು. ಬದನೆಕಾಯಿ ತರಲು ಕಳಿಸಿದರೆ ಮಾರುವವಳು ಹೇಳಿದ ರೇಟನ್ನೇ ಕೊಟ್ಟು, ಚಿಲ್ಲರೆ ಕೇಳಲು ನಾಚಿಕೊಂಡು ಬರುವವನು ಅವನು.

"ಅಪ್ಪ ಗಾದಿ ಭಾವಗ ಕೊಟ್ರ ನಾ ಏನ್ ಮಾಡ್ಲಲೇ?" ಎಂದು ಒಂದು ಭಾನುವಾರ ಕೇಳಿದ.

"ಈಗ ಏನ್ ಮಾಡಾಕತ್ತೀಯೋ ಅದನ್ನ" ಎಂದೆ. ಅವನ ಮುಖ ಇನ್ನೂ ಸಣ್ಣದಾಯಿತು.

ಯಾವುದೋ ಭಾಷೆ

ಆಟದ ಪೆಟ್ಟಿಗೆಯನ್ನು ಮಿಲ್ಲಿನವ ಕೌಲ್ ಬಜಾರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡಿದ್ದ. ಚೌಕಾಶಿ ಮಾಡಿರಲಿಲ್ಲ. ಮನೆಗೆ ತಂದು ಹಚ್ಚಿದರೆ ಹೆಸರು ಮತ್ತು ಅಂಕಿ ಬಿಟ್ಟು ಉಳಿದದ್ದೆಲ್ಲ ನಮಗೆ ಗೊತ್ತಿಲ್ಲದ ಭಾಷೆಯಲ್ಲಿತ್ತು. ಮಾಸ್ತರರು ನನ್ನ ಕಡೆ ನೋಡಿದರು. ಎಂ.ಎ. ಮಾಡಿದವನು ನಾನೊಬ್ಬನೇ. ಇಟಾಲಿಯನ್ ಎಂದೆ. ಯಾರೂ ಪ್ರಶ್ನಿಸಲಿಲ್ಲ. ಎಂ.ಎ.ಯಿಂದ ನನಗಾದ ಮುಖ್ಯ ಲಾಭ ಇದು.

ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೆ ವಾಪಸ್ ಹೋದೆವು. ಅಂಗಡಿಯವನು ತಲೆ ಎತ್ತಲಿಲ್ಲ. "ಭಾಷಾ ಯಾಕ್ ಬೇಕ್ರಿ ಸಾಬ್? ಬಾಲ್ ಬಂದ್ರ ಒದೀರಿ."

ಭಾಷೆ ಬದಲಿಸುವ ಜಾಗ ಹುಡುಕಲು ಹೋಗಿ ಒಮ್ಮೆ ನಮ್ಮ ಇಡೀ ಕ್ಲಬ್ಬನ್ನೇ ಅಳಿಸಿಬಿಟ್ಟೆವು. ಆಮೇಲೆ ಆ ಕಡೆ ಯಾರೂ ಕೈ ಹಾಕಲಿಲ್ಲ. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ನೋಡಿ ನೋಡಿ ಕಲಿತೆವು. ಮಕ್ಕಳು ಹೀಗೇ ಕಲಿಯುತ್ತಾರೆ ಎಂದು ಮಾಸ್ತರರು ಸಮಾಧಾನ ಹೇಳಿದರು. ಅವರ ಸಾಲೆಯ ಫಲಿತಾಂಶ ನನಗೆ ಗೊತ್ತಿತ್ತು.

ಟವೆಲ್ ಕೊಡವಿದ್ದು

ಮೊದಲ ಖರೀದಿ ಒಬ್ಬ ಗೋಲ್‌ಕೀಪರ್. ಪರದೆಯ ಮೇಲೆ ಒಂದು ಮೇಜು. ಈ ಕಡೆ ಕೋಟು ತೊಟ್ಟ ನಮ್ಮ ಮ್ಯಾನೇಜರ್, ಆ ಕಡೆ ಗೋಲ್‌ಕೀಪರನ ಕ್ಲಬ್ಬಿನ ಯಜಮಾನ, ನಡುವೆ ಎರಡು ಚಹಾದ ಕಪ್ಪು. ಆ ಯಜಮಾನ ಹೇಳಿದ ರೇಟು ನಮ್ಮ ಹತ್ತಿರ ಇದ್ದುದಕ್ಕಿಂತ ಬಹಳ ಜಾಸ್ತಿ.

ಮಿಲ್ಲಿನವನಿಗೆ ಅಪ್ಪ ನೆನಪಾದರು. ಭತ್ತದ ವ್ಯಾಪಾರದಲ್ಲಿ ಒಂದು ಪದ್ಧತಿ ಉಂಟು. ರೇಟು ಸರಿಬರದಿದ್ದರೆ ಮಾತು ಬೆಳೆಸಬಾರದು. ಹೆಗಲ ಮೇಲಿನ ಟವೆಲ್ ತೆಗೆದು ಒಮ್ಮೆ ಕೊಡವಿ, ಮತ್ತೆ ಹೆಗಲಿಗೆ ಹಾಕಿ, ಎದ್ದು ಹೊರಟುಬಿಡಬೇಕು. ಮಾರುವವನಿಗೆ ಗರಜು ಇದ್ದರೆ ಹಿಂದಿನಿಂದ ಕೂಗುತ್ತಾನೆ. ಮಿಲ್ಲಿನವ ನನ್ನ ಸ್ನಾನದ ಟವೆಲ್ಲನ್ನೇ ತೆಗೆದುಕೊಂಡು ಕೊಡವಿದ. ಒಂದೊಂದೇ ಬಟನ್ ಒತ್ತಿ ನೋಡಿದ. ತ್ರಿಕೋನದ ಗುರುತಿನ ಬಟನ್ ಒತ್ತಿದಾಗ ಪರದೆಯ ಮೇಲಿನ ಮ್ಯಾನೇಜರ್ ಎದ್ದು, ಕೋಟು ಸರಿಮಾಡಿಕೊಂಡು ಹೊರಗೆ ಹೋದ. ಆ ಖಾಲಿ ಕುರ್ಚಿಗೆ ಒಬ್ಬ ಬೋಳುತಲೆಯವನು ಬಂದು ಕೂತ.

"ಇಂವ ಯಾರ್ರಿ?" ಎಂದೆ.

"ಕಪ್ ತಗ್ಯಾಕ ಬಂದಿರ್ಬೇಕು" ಎಂದರು ಮಾಸ್ತರರು.

ಮಿಲ್ಲಿನವನೂ ಕೋಣೆಯಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದ. ಆಟದೊಳಗೆ ಕೆಲವು ದಿನ ಕಳೆದವು. ಗೋಲ್‌ಕೀಪರ್ ನಮ್ಮ ಅಂಗಿ ಹಾಕಿಕೊಂಡು ಕ್ಯಾಮೆರಾಕ್ಕೆ ನಿಂತ, ಅದೂ ಕಡಿಮೆ ರೇಟಿಗೆ.

"ಬಂದನೇನು?" ಎಂದು ಮೆಟ್ಟಿಲಿನಿಂದ ಕೂಗಿದ.

"ಬಂದ. ನೀನೂ ಬಾ ಇನ್ನ" ಎಂದೆ.

ಅಂದಿನಿಂದ ಅದಕ್ಕೆ ಎದ್ದು ಬರುವ ಬಟನ್ ಎಂದು ಹೆಸರಾಯಿತು. ಪ್ರತಿ ಖರೀದಿಯಲ್ಲೂ ಕೆಲಸ ಮಾಡಿತು. ನಾನು ಒತ್ತಿದರೂ ಕೆಲಸ ಮಾಡಿತು. ಆದರೆ ನನಗೆ ಟವೆಲ್ ಕೊಡವಲು ಬರುವುದಿಲ್ಲವೆಂದು ನನ್ನದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಳೇ ಅಕ್ಕಿ

ರೇಟು ಇಳಿಸುವುದು ಬಂತು. ಯಾರನ್ನು ಕೊಳ್ಳಬೇಕು ಎಂಬುದು ಬೇರೆ ವಿದ್ಯೆ. ಮಿಲ್ಲಿನವ ಹುಡುಕಿ ಹುಡುಕಿ ವಯಸ್ಸಾದವರನ್ನೇ ಕೊಂಡ. ನಮ್ಮ ತಂಡ ಮೈದಾನಕ್ಕೆ ಇಳಿದರೆ ಪಿಂಚಣಿಯ ದಿನ ಬ್ಯಾಂಕಿನ ಮುಂದೆ ನಿಂತ ಸಾಲಿನ ಹಾಗೆ ಕಾಣುತ್ತಿತ್ತು.

"ಸರ, ಇವ್ರಿಗೆ ಓಡಾಕ ಆಗವಲ್ದು" ಎಂದರು ಮಾಸ್ತರರು. ನಮ್ಮಲ್ಲಿ ನಿಜವಾದ ಚೆಂಡನ್ನು ಒದ್ದವರು ಅವರೊಬ್ಬರೇ.

"ಮಾಸ್ತರ, ಹೊಸಾ ಅಕ್ಕಿ ಅನ್ನ ಮುದ್ದಿ ಆಗ್ತೈತಿ. ಹಳೇದಕ್ಕ ರೇಟು. ಒಂದು ವರ್ಷ ಗೋಡೌನಿನಾಗ ಇಟ್ವಿ ಅಂದ್ರ ಇನ್ನೂ ಏರ್ತೈತಿ, ನೋಡ್ತಿರ್ರಿ" ಎಂದ ಮಿಲ್ಲಿನವ.

ಆಟದ ಲೆಕ್ಕದಲ್ಲಿ ಒಂದು ವರ್ಷ ಇಟ್ಟೆವು. ಸೀಸನ್ ಮುಗಿದ ದಿನ ಪರದೆಯ ಮೇಲೆ ನಾಲ್ಕೈದು ಜನರ ಫೋಟೋ ಬಂತು, ಕೆಳಗೆ ಏನೋ ಬರೆದಿತ್ತು. ನಾವು ಪ್ರಶಸ್ತಿ ಬಂದಿದೆ ಎಂದು ತಿಳಿದೆವು. ಮಾಸ್ತರರು ಚಪ್ಪಾಳೆಯನ್ನೂ ತಟ್ಟಿದರು. ಮರುದಿನ ನೋಡಿದರೆ ಆ ನಾಲ್ಕೈದು ಜನ ತಂಡದಲ್ಲಿ ಇಲ್ಲ. ನಿವೃತ್ತರಾಗಿದ್ದರು.

ಮಿಲ್ಲಿನವ ತಂಡದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಎಣಿಸಿದ. ಆಮೇಲೆ ಹೇಳಿದ, "ಮೂಟೆ ಹಿಂಗ ತಾನ ಎದ್ದು ಹೋಗಿದ್ದು ನಮ್ಮ ವಂಶದಾಗ ಇಲ್ಲ."

ಎರವಲು

ಕುರುಗೋಡಿನ ಮಾಸ್ತರರಿಗೆ ಎರವಲಿನ ಬಗ್ಗೆ ಖಚಿತ ಅಭಿಪ್ರಾಯ ಇತ್ತು. ಅವರ ಸಾಲೆಯವರು ಪಕ್ಕದ ಊರಿನ ಸಾಲೆಗೆ ಹೊಸ ಚೆಂಡು ಎರವಲು ಕೊಟ್ಟಿದ್ದರು. ತಿರುಗಿ ಬಂದದ್ದು ಹಳೆಯ ಚೆಂಡು, ಹೊಲಿಗೆ ಬಿಟ್ಟದ್ದು. ಕೇಳಿದರೆ ನಿಮ್ಮದೇ ಎಂದರಂತೆ.

ಆದ್ದರಿಂದ ನಮ್ಮ ಹೊಸ ಆಟಗಾರನೊಬ್ಬನನ್ನು ಬೇರೆ ಕ್ಲಬ್ಬಿಗೆ ಎರವಲು ಕಳಿಸಿದಾಗ ಮಾಸ್ತರರು ಅವನ ಮುಖ, ಕೂದಲು, ಬೂಟಿನ ಬಣ್ಣ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರು. ಆಟದೊಳಗೆ ವರ್ಷ ಕಳೆದು ಅವನು ವಾಪಸ್ ಬಂದ. ವೇಗ ಹೆಚ್ಚಿತ್ತು, ಹೊಡೆತ ಹೆಚ್ಚಿತ್ತು, ಗಡ್ಡ ಬಂದಿತ್ತು.

ಮಾಸ್ತರರು ಮೊಬೈಲ್ ಒಂದು ಸಲ, ಟಿವಿ ಒಂದು ಸಲ ನೋಡಿದರು. "ಇದು ನಮ್ದಲ್ರಿ ಸರ. ಬದ್ಲಿ ಕಳಿಸ್ಯಾರ."

"ಚಲೋದೇ ಬಂದೈತಲ್ರಿ?" ಎಂದೆ.

"ಅದಕ್ಕ ಸಂಶಯ."

ಯಜಮಾನರು ಬಂದದ್ದು

ಸುಗ್ಗಿ ಹತ್ತಿರ ಬಂತು. ಮಿಲ್ಲಿನ ಯಜಮಾನರು ಮೊಣಕಾಲು ತೋರಿಸಲು ಬಳ್ಳಾರಿಗೆ ಬಂದವರು, ಡಾಕ್ಟರು ಊಟಕ್ಕೆ ಹೋಗಿದ್ದಾರೆಂದು ನನ್ನ ಕೋಣೆಗೆ ಬಂದು ಕೂತರು. ಮಗ ಆಟ ಬಂದ್ ಮಾಡಲು ಹೋದ. ನಾನೇ ತಡೆದೆ. ಗಾದಿಯ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ಬದನೆಕಾಯಿಯ ಎದುರು ಹಿಡಿಯಲು ನಮ್ಮ ಹತ್ತಿರ ಇದ್ದದ್ದು ಇದೊಂದೇ.

"ಏನ್ ಕೊಳ್ಳಾಕತ್ತೀ?" ಎಂದರು ಯಜಮಾನರು.

"ಆಟಗಾರನ್ನ, ಅಪ್ಪಾ."

"ಕೊಂಡು?"

"ಆಡಸ್ತೀವಿ."

"ಯಾಕ, ನಿಮಗ ಆಡಾಕ ಬರಂಗಿಲ್ಲೇನು?"

ಮಾಸ್ತರರು ಟಿವಿಯ ದನಿ ಸ್ವಲ್ಪ ಏರಿಸಿದರು.

ಆ ದಿನ ಕೊಳ್ಳಬೇಕಿದ್ದವನು ಒಳ್ಳೆಯ ಸ್ಟ್ರೈಕರ್. ಎದುರಿನವನು ಬಾಯಿಗೆ ಬಂದ ರೇಟು ಹೇಳಿದ. ಮಿಲ್ಲಿನವ ಟವೆಲ್ ಕೊಡವಿದ, ತ್ರಿಕೋನ ಒತ್ತಿದ, ಎದ್ದು ಮೆಟ್ಟಿಲಿಗೆ ಹೋದ. ಯಜಮಾನರು ಮುಂದಕ್ಕೆ ಬಾಗಿದರು. ಪರದೆಯಲ್ಲಿ ಬೋಳುತಲೆಯವನು ಬಂದು ಕೂತ. ಸ್ವಲ್ಪ ಹೊತ್ತಿನಲ್ಲಿ ಸ್ಟ್ರೈಕರ್ ಬಂದ, ಎದುರಿನವನು ಹೇಳಿದ್ದರ ಅರ್ಧಕ್ಕೆ.

"ತಿರುಗಿ ನೋಡಲಿಲ್ಲಲ್ಲ?" ಎಂದು ಯಜಮಾನರು ನನ್ನನ್ನು ಕೇಳಿದರು.

"ಇಲ್ರಿ. ಒಮ್ಮೀನೂ ನೋಡಂಗಿಲ್ಲ."

"ಅದು ಎಲ್ರಿಗೂ ಬರಂಗಿಲ್ಲ ಲೆಕ್ಚರರ್ರ. ಕಾಲು ಮುಂದಕ್ಕ ಹೋಗ್ತಿರ್ತಾವು, ಕಿವಿ ಹಿಂದಕ್ಕ ಇರ್ತಾವು. ನಮ್ಮ ಅಳಿಯ ಬಾಗಿಲಾಗ ನಿಂತು ತಿರುಗಿ ನೋಡ್ತಾನ." ಆಮೇಲೆ ಒಳಗೆ ಬಂದ ಮಗನ ಮುಖ ನೋಡಿ, "ಪರವಾಲೇದು" ಎಂದರು.

ಯಜಮಾನರು ಬೈಯುವುದು ಕನ್ನಡದಲ್ಲಿ, ಮೆಚ್ಚುವುದು ತೆಲುಗಿನಲ್ಲಿ. ಹಾಗಾಗಿ ಮಗನಿಗೆ ತೆಲುಗು ಸರಿಯಾಗಿ ಬರುತ್ತಿರಲಿಲ್ಲ. ಪರವಾಗಿಲ್ಲ ಅಂದರು ಎಂದು ನಾನು ಬಿಡಿಸಿ ಹೇಳಬೇಕಾಯಿತು.

ಗಾದಿ

ಸುಗ್ಗಿಯ ಮೊದಲ ದಿನ ನಾನೂ ಮಾಸ್ತರರೂ ಸಿರುಗುಪ್ಪಕ್ಕೆ ಹೋದೆವು. ಮಿಲ್ಲಿನವ ಗಾದಿಯ ಮೇಲೆ ಕೂತಿದ್ದ. ಟವೆಲ್ ಹೊಸದು. ಯಜಮಾನರು ಒಂದು ಕುರ್ಚಿಯಲ್ಲಿ, ಅಳಿಯ ಇನ್ನೊಂದರಲ್ಲಿ. ಈ ಸಲದ ಸುಗ್ಗಿ ನೋಡಿ ಗಾದಿ ಯಾರದೆಂದು ಹೇಳುತ್ತೇನೆ ಎಂದು ಯಜಮಾನರು ಮೊದಲೇ ತಿಳಿಸಿದ್ದರು.

ಒಬ್ಬ ರೈತ ಭತ್ತ ತಂದ. ಮಿಲ್ಲಿನವ ಒಂದು ಹಿಡಿ ತೆಗೆದು, ಒಂದು ಕಾಳು ಕಡಿದು, ರೇಟು ಕೇಳಿದ. ರೈತ ಹೇಳಿದ. ಇವನು ಟವೆಲ್ ಕೊಡವಿ, ಎದ್ದು, ತಿರುಗಿ ನೋಡದೆ ಎದುರಿನ ಚಹಾದಂಗಡಿಗೆ ಹೋದ. ಮಿಲ್ಲಿನ ಹಳೆಯ ಗುಮಾಸ್ತ ಚಹಾದ ಲೋಟಗಳನ್ನು ಬದಿಗೆ ಸರಿಸಿ ರೈತನ ಪಕ್ಕ ಕೂತ. ಏನೋ ಮಾತಾಡಿಕೊಂಡರು, ಬಹುಶಃ ನಾಲೆಯ ನೀರಿನ ಬಗ್ಗೆ. ನಾವು ಯಾರೂ ಆ ಕಡೆ ನೋಡುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಇವನು ತಿರುಗಿ ನೋಡುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಗುಮಾಸ್ತ, "ಆತ್ರಿ, ಒಪ್ಯಾರ" ಎಂದ.

ಯಜಮಾನರು ಅಳಿಯನ ಕಡೆ ತಿರುಗಿ ಮತ್ತೆ ತೆಲುಗಿನಲ್ಲಿ ಏನೋ ಅಂದರು. ಅಳಿಯನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಆತ ಊಟಕ್ಕೆ ನಿಲ್ಲಲಿಲ್ಲ.

ವೈಫೈ

ಮುಂದಿನ ಭಾನುವಾರ ಮಿಲ್ಲಿನವ ಬರಲಿಲ್ಲ, ದೊಡ್ಡ ಮನುಷ್ಯನಾಗಿದ್ದ. ನಾನೂ ಮಾಸ್ತರರೂ ಇಬ್ಬರೇ. ಮನೆಯ ಓನರ್ ಆ ವಾರ ವೈಫೈ ಹಾಕಿಸಿದ್ದರು. ಆಟಕ್ಕೂ ಅದನ್ನು ಜೋಡಿಸಿದೆವು. ಆಟ ತುಸು ಹೊತ್ತು ಏನನ್ನೋ ಇಳಿಸಿಕೊಂಡು, ಆರಿ, ಮತ್ತೆ ಹೊತ್ತಿಕೊಂಡಾಗ ಎಲ್ಲವೂ ಇಂಗ್ಲಿಷಿನಲ್ಲಿತ್ತು. ಯಾಕೆಂದು ಗೊತ್ತಿಲ್ಲ. ಇಟಾಲಿಯನ್ ಹೋದದ್ದು ನನಗೆ ಸ್ವಲ್ಪ ನಷ್ಟ.

ಮಾಸ್ತರರು ಒಬ್ಬ ಡಿಫೆಂಡರನ ಖರೀದಿಗೆ ಕೂತರು. ರೇಟು ಹೆಚ್ಚಾಯಿತು. ಟವೆಲ್ ಕೊಡವಿದರು. ಬೆರಳು ತ್ರಿಕೋನದ ಮೇಲೆ ಇಡುವಷ್ಟರಲ್ಲಿ ಸಿರುಗುಪ್ಪದಿಂದ ಫೋನ್ ಬಂತು.

"ಲೇ, ಇವತ್ತ ದೊಡ್ಡ ಖರೀದಿ" ಎಂದ ಮಿಲ್ಲಿನವ. ಚಹಾ ಹೀರುವ ಸದ್ದು ಕೇಳಿಸಿತು. "ನದಿ ದಂಡಿಯೋರು ಟ್ರ್ಯಾಕ್ಟರ್ ಸಾಲು ಹಚ್ಚ್ಯಾರ. ಅಪ್ಪ ಕುಂತಾನ. ಭಾವನೂ ಬಂದಾನ, ನಾ ಎಲ್ಲಿ ಎಡವ್ತೀನಿ ಅಂತ ನೋಡಾಕ. ಭಾರೀ ರೇಟು ಹೇಳಿದ್ರು. ನಾ ಕೊಡವಿ ಎದ್ದು ಬಂದೀನಿ. ಚಾದಂಗಡ್ಯಾಗ ಅದೀನಿ."

"ಗುಮಾಸ್ತ ಏನಂತಾನ?"

"ಅಂವ ಎಲ್ಲದಾನ? ಮಗಳ ಮನಿಗೆ ಹೋಗ್ಯಾನ, ಸುಗ್ಗಿ ಮುಗಿಯೋ ತನಕ ಬರಂಗಿಲ್ಲ. ನಾನ ರಜಾ ಕೊಟ್ಟೆ. ಅಂವಂದೇನು ಕೆಲ್ಸ ಐತಿ ಇಲ್ಲಿ?"

"ಮತ್ತ ಈಗ ರೈತರ ಕೂಡ ಮಾತಾಡಾಕ ಯಾರದಾರ?"

"ಯಾರೂ ಇಲ್ಲ. ಯಾಕ?"

ನಾನು ಟಿವಿ ನೋಡುತ್ತಿದ್ದೆ. ಪರದೆಯ ಕೆಳಗೆ ಯಾವ ಬಟನ್ ಏನು ಮಾಡುತ್ತದೆ ಎಂದು ಮೊದಲ ಸಲ ನಮಗೆ ಓದಲು ಬರುವ ಭಾಷೆಯಲ್ಲಿ ಬರೆದಿತ್ತು. ತ್ರಿಕೋನದ ಮುಂದೆ ಇದ್ದದ್ದು ಇಷ್ಟು: ಮಾತುಕತೆಯನ್ನು ನಿಮ್ಮ ಸಹಾಯಕನಿಗೆ ಒಪ್ಪಿಸಿ.