ಕದಲದ ಕೆಂಪು ಮೋಡ

ಇನ್ನು ಮೇಲೆ ಆಕಾಶ ತನ್ನ ಗಮನಕ್ಕೆ ತಾರದೆ ಒಂದು ಹನಿಯನ್ನೂ ಉದುರಿಸಕೂಡದು ಎಂದು ಪುಟ್ಟಿಯ ಅಮ್ಮ ಘೋಷಿಸಿಯೇ ಬಿಟ್ಟಳು! ಹಿಂದಿನ ವಾರ ಶಿಶುವಿಹಾರದಿಂದ ಬರುವಾಗ ಮಗು ತೊಯ್ದು ತೊಪ್ಪೆಯಾಗಿ ನೆಗಡಿ ಹಿಡಿಸಿಕೊಂಡಿತ್ತು. "ಒಂದು ಛತ್ರಿ ಇಟ್ಕೊಳ್ಳೋದಲ್ವೇನಮ್ಮ?" ಎಂದು ಅತ್ತೆ ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆ ಎದೆಗೆ ಸಿಡಿಲಿನಂತೆ ಬಡಿದಿತ್ತು. ಮಗು ಇನ್ನೊಮ್ಮೆ ನೆನೆದರೆ ತಾಯ್ತನದ ಮಾನವೇ ನೀರುಪಾಲು! ಅಂದೇ ಮೊಬೈಲಿಗೆ ರೇಡಾರ್ ಆ್ಯಪ್ ಇಳಿಯಿತು. ಹಸಿರೆಂದರೆ ಮಳೆ, ಕೆಂಪೆಂದರೆ ಆಲಿಕಲ್ಲು, ಬಿರುಗಾಳಿ, ಸರ್ವನಾಶ!

ಭಾನುವಾರ ಪುಟ್ಟಿಗೆ ಬ್ರೆಡ್ಡು ತಿನ್ನಿಸಿ ಆ್ಯಪ್ ತೆರೆದರೆ, ಮನೆಯ ನೆತ್ತಿಯ ಮೇಲೇ ಕೆಂಪು ಮೋಡ!

"ರೀ, ಬಂತು!"

"ಯಾರು?"

"ಬಿರುಗಾಳಿ! ಪಕ್ಕದ ಬೀದೀಲಿ ಏನೂ ಇಲ್ಲ. ನೇರ ನಮ್ಮನೇಗೇ!"

"ಅಷ್ಟು ಕರೆಕ್ಟಾಗಿ ನಮ್ಮನೆ ಹುಡುಕ್ಕೊಂಡು ಬರೋದು ನಿಮ್ಮಣ್ಣ ಒಬ್ಬನೇ." ಗಂಡ ಕಿಟಕಿಯಾಚೆ ಕಣ್ಣು ಹಾಯಿಸಿದ. "ಬಿಸಿಲಿದೆಯಲ್ಲೇ!"

"ಅದೇ ಭಯ! ದೊಡ್ಡ ಗಾಳಿಗೆ ಮುಂಚೆ ಹೀಗೇ ಇರತ್ತಂತೆ. ನಕ್ಷೆ ಸರಿಸಿದ್ರೂ ಮೋಡ ಮಾತ್ರ ಕದಲ್ತಿಲ್ಲ ನೋಡಿ!"

ಟಾರ್ಚು, ಮೇಣದಬತ್ತಿ, ಹಗ್ಗ, ಔಷಧದ ಡಬ್ಬಿ, ಕಂಬಳಿಗಳು ಕಾರಿಗೇರಿದವು. ಊರಿನ ಆಚೆ ತುದಿಯ ಅತ್ತೆಯ ಮನೆಗೆ ಸಕುಟುಂಬ ಪಲಾಯನ! ಸಾಮಾನನ್ನೆಲ್ಲ ಹಜಾರದಲ್ಲಿ ಸುರಿದು, ಉಸ್ಸೆಂದು ಕೂತು ಮೊಬೈಲ್ ನೋಡಿದರೆ, ಅತ್ತೆಯ ಮನೆಯ ಮೇಲೂ ಅದೇ ಮೋಡ!

"ಅಯ್ಯಯ್ಯೋ, ಬೆನ್ನು ಹತ್ತಿ ಬಂದಿದೆ!"

ಕಿಟಕಿಗಳು ದಬದಬ ಮುಚ್ಚಿಕೊಂಡವು. ಬಾಲ್ಕನಿಯ ಹೂಕುಂಡಗಳು ಸೋಫಾ ಏರಿದವು. ಮನೆಮಂದಿಯೆಲ್ಲ ಊಟದ ಮೇಜಿನಡಿ ತೂರಿಕೊಂಡರು.

"ಹೋಯ್ತೇನಮ್ಮ?" ಅತ್ತೆ ಮಂಡಿ ಹಿಡಿದುಕೊಂಡು ಕೇಳಿದರು.

"ಇಲ್ಲ ಅತ್ತೆ, ತಲೆ ಮೇಲೇ ಕೂತಿದೆ!"

ಆಗ ಪುಟ್ಟಿ ಬಗ್ಗಿ ಮೊಬೈಲನ್ನು ಒಮ್ಮೆ ನೆಕ್ಕಿದಳು. "ಅಮ್ಮಾ, ಜಾಮು!"

ಒಂದೇ ನೆಕ್ಕಿಗೆ ಬಿರುಗಾಳಿ ಪುಟ್ಟಿಯ ಹೊಟ್ಟೆ ಸೇರಿತು!

ಗಂಡ ನಕ್ಕ ರಭಸಕ್ಕೆ ತಲೆ ಮೇಜಿಗೆ ಬಡಿಯಿತು. "ರೋಡಲ್ಲಿ ಜಾಮ್ ನೋಡಿದ್ದೆ ಕಣೇ, ಆಕಾಶದಲ್ಲೂ ಆಗತ್ತೆ ಅಂತ ಗೊತ್ತಿರ್ಲಿಲ್ಲ!"

ಮುಖ ಕೆಂಪಗೆ ಮಾಡಿಕೊಂಡು, ಮಗುವನ್ನು ಎತ್ತಿಕೊಂಡು ಅವಳು ಮನೆಗೆ ಹೊರಟೇಬಿಟ್ಟಳು.

"ತಾಳೇ, ಜಾಮ್ ಇದ್ದ ಜಾಗದಲ್ಲಿ ಏನೋ ಹಸಿರು ಚುಕ್ಕೆ ಇದೆ," ಎಂದ ಗಂಡ.

"ಬಟಾಣಿ ಇರ್ಬೇಕು!" ತೋಳಿನಿಂದ ಉಜ್ಜಿದಳು. ಹೋಗಲಿಲ್ಲ. "ಒಣಗಿ ಅಂಟ್ಕೊಂಡಿದೆ, ಅಷ್ಟೇ!"

ಕಾರು ಬೀದಿಯ ಕೊನೆಯಲ್ಲಿತ್ತು. ಅರ್ಧ ದಾರಿ ನಡೆದಿದ್ದಳೋ ಇಲ್ಲವೋ, ಬಟಾಣಿ ಧೋ ಎಂದು ಸುರಿಯಿತು!

ತಾಯಿ-ಮಗಳು ನೀರಿಳಿಸುತ್ತ ಓಡಿಬಂದಾಗ ಅತ್ತೆ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಪುಟ್ಟಿ "ಅಕ್ಷೀ!" ಎಂದಳು. ಅತ್ತೆ ಹಿಂತಿರುಗಿ ಹಜಾರದ ಟಾರ್ಚು, ಹಗ್ಗ, ಕಂಬಳಿಗಳ ಗುಡ್ಡವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಎಲ್ಲಾ ತಂದಿದ್ದೀಯ, ಪಾಪ," ಎಂದರು. "ಛತ್ರಿ ಎಲ್ಲಮ್ಮಾ?"