ಅವ್ವ ಕತ್ತರಿಸಿದ ಮಾತ್ರೆ

ಮೂರು ಅರ್ಧ ಮಾತ್ರೆಗಳು. ನಡುವಿನ ಗೆರೆಗೆ ಸರಿಯಾಗಿ, ಪುಡಿ ಉದುರದಂತೆ ಅಡಕತ್ತರಿಯಲ್ಲಿ ಕತ್ತರಿಸಿ, ಕಾಗದದಲ್ಲಿ ಸುತ್ತಿ, ನನ್ನ ಬ್ಯಾಗಿನ ಸಣ್ಣ ಜೇಬಿನಲ್ಲಿ ಇಡಲಾಗಿತ್ತು. ಮೊಳಕಾಲ್ಮೂರಿನ ಕಾಲೇಜಿನಲ್ಲಿ ಚಾಕ್‌ಪೀಸು ಹುಡುಕುವಾಗ ಕೈಗೆ ಸಿಕ್ಕವು. ನೋಡಿದ ಕೂಡಲೇ ಗುರುತು ಹತ್ತಿತು. ಅವು ಅವ್ವನ ಮಲೇರಿಯಾ ಮಾತ್ರೆಗಳು.

ನನಗೆ ಮಾತು ಕಡಿಮೆ. ಆದರೆ ರಸಾಯನಶಾಸ್ತ್ರದ ವಿಷಯ ಬಂದರೆ ನನ್ನ ಸಂಕೋಚ ಆವಿಯಾಗಿಬಿಡುತ್ತದೆ. ಹಿಂದಿನ ಸಂಜೆ ನಮ್ಮೂರು ಚಳ್ಳಕೆರೆಯ ಡಾಕ್ಟರು ಅವ್ವನಿಗೆ ಮೂರು ಮಾತ್ರೆ ಕೊಟ್ಟು, ಬೆಳಿಗ್ಗೆ ತಿಂಡಿಯಾದ ಮೇಲೆ ಒಟ್ಟಿಗೆ ನುಂಗಬೇಕು ಎಂದಿದ್ದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಒಂದೊಂದು ಮಾತ್ರೆಯಲ್ಲೂ ಎರಡು ಔಷಧಿ ಬೆರೆತಿವೆ, ಇದನ್ನು ಬಂದ ಚಳಿಜ್ವರ ಬಿಡಿಸಲೂ ಕೊಡುತ್ತಾರೆ, ಕೆಲವು ಕಡೆ ಬಾರದಂತೆ ತಡೆಯಲೂ ಕೊಡುತ್ತಾರೆ ಎಂದು ಮನೆಗೆ ಬಂದವಳೇ ನಾನು ಪಾಠ ಶುರುಮಾಡಿದೆ. ಅವ್ವ ಕಂಬಳಿಯೊಳಗಿಂದಲೇ ತಲೆಯಾಡಿಸಿದಳು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

ರಜೆ ಹಾಕಿ ಸಿಕ್ಕ ಬಸ್ಸು ಹತ್ತಿದೆ. ಮನೆಯಲ್ಲಿ ಅವ್ವ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಮಾತ್ರೆ ಯಾಕೆ ಕತ್ತರಿಸಿದೆ ಎಂದು ಕೇಳಿದ್ದಕ್ಕೆ ನನ್ನನ್ನು ಕನಿಕರದಿಂದ ನೋಡಿದಳು.

"ಒಂದ್ರಾಗೆ ಎರಡು ಔಷ್ದಿ ಐತೆ ಅಂದೋಳು ನೀನೇ ಅಲ್ಲೇನೆ? ಬಂದಿದ್ದು ಬಿಡ್ಸೋದು ನನಿಗೆ, ಬರ್ದಂಗೆ ತಡಿಯೋದು ನಿನಿಗೆ. ದಿನಾ ಅಷ್ಟು ದೂರ ಹೋಗಿ ಬರೋಳು."

ಯಾವ ಅರ್ಧ ಯಾವುದಕ್ಕೆ ಎಂದು ಕೇಳಲಿಲ್ಲ. ಅದಕ್ಕೂ ಅವಳಲ್ಲಿ ಉತ್ತರವಿರುತ್ತಿತ್ತು. ಆಟೋದಲ್ಲಿ ಕೂರಿಸಿಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದೆ. ಅರ್ಧ ಔಷಧಿಗೆ ಈ ಜ್ವರ ಬಗ್ಗುವುದಿಲ್ಲ, ಏರಿದರೆ ಜೀವಕ್ಕೇ ಕುತ್ತು ಎಂದು ಗದರಿದ ಅವರು, ಈ ಲೆಕ್ಕಾಚಾರ ಹೇಳಿಕೊಟ್ಟವರು ಯಾರು ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಅವ್ವ ನೆಟ್ಟಗೆ ಕುಳಿತಳು.

"ನನ್ನ ಮಗಳ್ರಿ. ಎಮ್ಮೆಸ್ಸಿ ಮಾಡ್ಯಾಳೆ."

ಘಟಿಕೋತ್ಸವದಲ್ಲೂ ನನ್ನ ಪದವಿಯನ್ನು ಯಾರೂ ಅಷ್ಟು ಹೆಮ್ಮೆಯಿಂದ ಸಾರಿರಲಿಲ್ಲ. ಡಾಕ್ಟರು ಉಳಿದ ಅರ್ಧಗಳನ್ನು ತಮ್ಮೆದುರೇ ನುಂಗಿಸಿದರು. ಕೊನೆಯದನ್ನು ಅಂಗೈಯಲ್ಲಿಟ್ಟುಕೊಂಡು ಅವ್ವ, "ಮತ್ತೆ ಇವಳಿಗ್ರಿ?" ಎಂದಳು. ಇವಳಿಗೆ ಸೊಳ್ಳೆಪರದೆ ಸಾಕು, ಮಾತು ಇನ್ನೂ ಸ್ವಲ್ಪ ಕಡಿಮೆಯಾದರೆ ಒಳ್ಳೆಯದು ಎಂದರು ಅವರು.

ಮರುದಿನ ಬೆಳಿಗ್ಗೆ ಅವ್ವನಿಗೆ ನಡುಕ ಬರಲಿಲ್ಲ. ಬೇಡವೆಂದರೂ ಎದ್ದು ರೊಟ್ಟಿ ಕಟ್ಟಿಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗಿನ ಸಣ್ಣ ಜೇಬು ತಡಕಿದೆ. ಏನೂ ಇರಲಿಲ್ಲ. ಪಾಠ ಕೊನೆಗೂ ತಲೆಗೆ ಹತ್ತಿತಲ್ಲ ಎಂದು ಹಿಗ್ಗಬೇಕಾದವಳು, ಇನ್ನೊಂದು ಜೇಬನ್ನೂ ತೆರೆದು ನೋಡಿದೆ.