ಕಿಸೆಯೊಳಗಿನ ಸೀಟಿ

"ನನ್ನ ಗಂಡನ ಹೊಟ್ಟ್ಯಾಗಿನ ಮಾತು ಮೊದಲು ನನಗ ತಿಳೀತೈತಿ, ಆಮ್ಯಾಲ ಅವ್ರಿಗೆ!"

ಹೈದರಾಬಾದಿನ ಸನತ್‌ನಗರದ ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರು ನಲ್ಲಿಯ ಮುಂದೆ ಕೊಡ ಇಟ್ಟು ನಿಂತಾಗಲೆಲ್ಲ ಶಿವದೇವಿ ಹೀಗೆ ಘೋಷಿಸುತ್ತಿದ್ದಳು. ಅದು ಬರೀ ಬಾಯಿಬಡಾಯಿ ಅಲ್ಲ. ಅದರ ಹಿಂದೆ ಒಂದು ನಿತ್ಯಕರ್ಮವೇ ಇತ್ತು. ಮುಂಜಾನೆ ಗಂಡ ವೈಜನಾಥ ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತನೆಂದರೆ, ಇತ್ತ ಗೂಟಕ್ಕೆ ತೂಗುಹಾಕಿದ ಅವನ ಅಂಗಿ ಪ್ಯಾಂಟುಗಳಿಗೂ ಪೂಜೆ ಶುರು! ಕರವಸ್ತ್ರ, ಬಾಚಣಿಕೆ, ಸ್ಕೂಟರಿನ ಕೀಲಿಕೈ, ಅಡಿಕೆ ಚೂರು, ಎಲ್ಲವನ್ನೂ ಹೊರಗೆ ತೆಗೆಯುವುದು, ಮೂಸಿ ನೋಡುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಇದ್ದ ಮಡಿಕೆಯಲ್ಲೇ ಇದ್ದ ಜಾಗದಲ್ಲೇ ಇಟ್ಟುಬಿಡುವುದು. ಪೊಲೀಸರೂ ಇಷ್ಟು ಅಚ್ಚುಕಟ್ಟಾಗಿ ಝಡತಿ ಮಾಡಲಾರರು. ಗಂಡನಿಗೆ ಇದರ ಸುಳಿವೇ ಇಲ್ಲವೆಂಬುದು ಅವಳ ಗಟ್ಟಿ ನಂಬಿಕೆ.

ಹಾಗೆಂದು ಅವಳು ಗಂಡನಿಂದ ಏನೂ ಮುಚ್ಚಿಟ್ಟಿರಲಿಲ್ಲವೇ? ಒಂದನ್ನು ಮುಚ್ಚಿಟ್ಟಿದ್ದಳು. ಕ್ವಾರ್ಟರ್ಸಿಗೆಲ್ಲ ಹೆಸರಾಗಿದ್ದ ಅವಳ ದಪ್ಪ ತುರುಬಿನಲ್ಲಿ ಸ್ವಂತ ಕೂದಲು ಕಾಲು ಪಾಲು ಮಾತ್ರ. ಉಳಿದದ್ದು ಅಂಗಡಿಯ ಚೌರಿ. ಆ ಕೂದಲ ಕಟ್ಟು ರಾತ್ರಿಯೆಲ್ಲ ಅಕ್ಕಿಡಬ್ಬಿಯ ಹಿಂದೆ, ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಮಲಗಿ, ಬೆಳಗ್ಗೆ ಗಂಡ ಬಚ್ಚಲಲ್ಲಿದ್ದಾಗ ಅವಳ ತಲೆ ಏರುತ್ತಿತ್ತು. ಮದುವೆಯಾದಾಗಿನಿಂದ ನಡೆದುಬಂದ ಈ ಗುಟ್ಟು ದೇವರಿಗೆ ಮತ್ತು ಆ ಡಬ್ಬಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇಂಥ ಶಿವದೇವಿಯ ಕೈಗೆ ಒಂದು ದಿನ ಗಂಡನ ಪ್ಯಾಂಟಿನ ಕಿಸೆಯಲ್ಲಿ ಸಿಕ್ಕಿತು ಸೀಟಿ!

ಥಳಥಳ ಹೊಳೆಯುವ ಸೀಟಿ, ಅದಕ್ಕೊಂದು ಕೊರಳಿಗೆ ಹಾಕುವ ದಾರ. ಕಾರ್ಖಾನೆಯಲ್ಲಿ ಕುಳಿತು ನಕ್ಷೆ ಬರೆಯುವ, ತಲೆ ನರೆತ ಗೃಹಸ್ಥನಿಗೆ ಸೀಟಿ ಯಾಕೆ ಬೇಕು? ಯಾರನ್ನು ನೋಡಿ ಊದುತ್ತಾನೆ? ಅವಳು ಅದನ್ನು ಇದ್ದ ಜಾಗದಲ್ಲೇ ಇಟ್ಟಳು. ಆದರೆ ಎದೆ ಇದ್ದ ಜಾಗದಲ್ಲಿ ಉಳಿಯಲಿಲ್ಲ.

ಮುಂದಿನ ವಾರ ಕಪ್ಪು ಕನ್ನಡಕ ಸಿಕ್ಕಿತು. ಅದರ ಮುಂದಿನ ವಾರ, ಶಿವಶಿವಾ, ಉಗುರಿಗೆ ಹಚ್ಚುವ ಬಣ್ಣದ ಶೀಸೆ! ಶಿವದೇವಿ ಜನ್ಮದಲ್ಲಿ ಉಗುರಿಗೆ ಅರಿಸಿನ ಬಿಟ್ಟು ಬೇರೆ ಬಣ್ಣ ಕಂಡವಳಲ್ಲ. ಶೀಸೆಯೋ, ಅರ್ಧ ಖಾಲಿಯಾಗಿತ್ತು!

ಆಗ ಅವಳಿಗೆ ಒಂದೊಂದೇ ಹೊಳೆಯತೊಡಗಿತು. ಈಚೆಗೆ ರವಿವಾರ ಬಂತೆಂದರೆ ಗಂಡನಿಗೆ ಓವರ್‌ಟೈಮು. ನಕ್ಷೆ ಸುತ್ತಿಡುವ ಉದ್ದನೆಯ ತಗಡಿನ ಕೊಳವೆಯನ್ನು ಹೆಗಲಿಗೇರಿಸಿ, "ಬೇಗಂಪೇಟಿ ಆಫೀಸಿಗೆ ನಕ್ಷೆ ಮುಟ್ಟಿಸಬೇಕು" ಎಂದು ಹೊರಟನೆಂದರೆ ಬರುವುದು ಹೊತ್ತು ಇಳಿದ ಮೇಲೆ.

"ಅಲ್ರೀ, ನಿಮ್ಮ ಬೇಗಂಪೇಟಿ ಆಫೀಸಿನ್ಯಾಗ ಬಿಸಿಲು ಭಾಳ ಐತೇನು?"

"ಯಾಕ?"

"ಮೂಗು ಸುಟ್ಟ ಬದನಿಕಾಯಿ ಆಗೈತಿ."

"ಕಿಡಕಿ ಬಾಜೂಕ ಕೂಡ್ತೀನಿ."

"ಸ್ಕೂಟರ್ ಗಾಲಿಗೆ ಕೆಸರು ಮೆತ್ತೈತಿ. ಅದೂ ಕಿಡಕ್ಯಾಗಿಂದ ಬಂತೇನು?"

"ನೀ ಊಟಕ್ಕ ಹಾಕು," ಎಂದು ವೈಜನಾಥ ಏನೋ ರಾಗ ಗುನುಗುತ್ತ ಕೈತೊಳೆಯಲು ಹೋದ. ಗುನುಗುತ್ತ! ಅದೇ ಎಲ್ಲಕ್ಕಿಂತ ದೊಡ್ಡ ಪುರಾವೆ. ಓವರ್‌ಟೈಮು ಮಾಡಿ ಬಂದ ಗಂಡಸು ರೊಟ್ಟಿ ತಡವಾದರೆ ಸಿಡುಕಬೇಕು. ಇವನೋ ಖುಷಿಯಾಗಿದ್ದಾನೆ! ಮನೆಯಲ್ಲಿ ಖುಷಿಪಡುವಂಥದ್ದು ಏನೂ ನಡೆದಿಲ್ಲವೆಂಬುದು ಶಿವದೇವಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಸಂಕಟವೂ ಇತ್ತು. ಬಿಸ್ಕೀಟಿನ ಡಬ್ಬಿಯಲ್ಲಿ ಅವಳ ಚೌರಿ ದಿನೇ ದಿನೇ ಸೊರಗುತ್ತಿತ್ತು. ಯಾರೋ ತುದಿ ಕತ್ತರಿಸುತ್ತಿದ್ದಾರೆ! ಕಳ್ಳತನವಾಯಿತೆಂದು ಕೂಗೋಣವೆಂದರೆ ಏನೆಂದು ಕೂಗುವುದು? ಇಲ್ಲದ ಚೌರಿ ಕಳುವಾಗುವುದು ಹೇಗೆ? ಬಾಯಲ್ಲಿ ಬಿಸಿ ಕಡುಬು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕಡೆಗೆ ಒಂದು ಸಂಜೆ ಗಂಡನ ಚೀಲದ ತಳದಲ್ಲಿ ಚಪ್ಪಟೆ ತಗಡಿನ ಡಬ್ಬಿಯೊಂದು ಸಿಕ್ಕಿತು. ತೆರೆದು ನೋಡಿದಳು. ಒಳಗೆ ಸಾಲಾಗಿ ಸಣ್ಣ ಸಣ್ಣ ಉಕ್ಕಿನ ಕೊಕ್ಕಿಗಳು. ಒಂದೊಂದು ಕೊಕ್ಕಿಗೂ ಸುತ್ತಿದ ಕೆಂಪು ರೇಷ್ಮೆ ದಾರ, ಜರಿಯ ಎಳೆ, ಕೋಳಿಯ ಪುಕ್ಕ! ಮತ್ತು ಕರೀ ಕೂದಲು!

ಆ ಕೂದಲು ಯಾರದೆಂದು ಅವಳಿಗೆ ಬೇರೆ ಹೇಳಬೇಕೆ?

ಪಕ್ಕದ ಮನೆಯ ಗುರುಬಾಯಿ ಭಾಲ್ಕಿ ಕಡೆಯ ಹಿರಿಯ ಹೆಂಗಸು. ಮಾಟ, ಮದ್ದು, ದೃಷ್ಟಿ, ಗಾಳಿ, ಯಾವುದನ್ನು ಕೇಳಿದರೂ ಅವಳಲ್ಲಿ ಉತ್ತರ ತಯಾರಿರುತ್ತಿತ್ತು. ಶಿವದೇವಿ ಸೆರಗಿನಲ್ಲಿ ಒಂದು ಕೊಕ್ಕಿ ಮುಚ್ಚಿಕೊಂಡು ಓಡಿದಳು. ಬೀದರಿನ ಒಣನೆಲದಲ್ಲಿ ರೊಟ್ಟಿ ಬಡಿದು ಬೆಳೆದ ಈ ಇಬ್ಬರು ಲಿಂಗಾಯತ ಹೆಂಗಸರು ಅಂಥ ವಸ್ತುವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

"ಅಯ್ಯ ನನ ಮಗಳ, ಕೋಳಿ ಪುಕ್ಕ ಐತಿ, ಕೆಂಪು ದಾರ ಐತಿ, ಕೂದಲಾ ಐತಿ. ಇನ್ನೇನು ಬೇಕ ಮಾಟಕ್ಕ? ಯಾರ ಕೂದಲಾ ಇವು?"

"ನನ್ನೂವ ಕಾಣ್ತಾವ್ರಿ... ಉದುರಿದ್ದು ಆರಿಸಿರಬೇಕು."

"ನೋಡಿದಿ? ನಿನ್ನಂಥಾ ಮಾರುದ್ದ ಕೂದಲಾ ಯಾರಿಗೈತಿ ಈ ಲೈನಿನ್ಯಾಗ! ಮತ್ತ ಈ ಕೊಕ್ಕಿ ಯಾಕಂತ ತಿಳೀತಿಲ್ಲೋ?"

"ಯಾಕ್ರಿ?"

"ಜೀವಾ ಎಳ್ಯಾಕ!"

ಶಿವದೇವಿಯ ಜೀವ ಅಲ್ಲೇ ಅರ್ಧ ಹೊರಗೆ ಬಂತು. ಸೀಟಿ, ಕನ್ನಡಕ, ಉಗುರುಬಣ್ಣದ ಕಥೆಯನ್ನೆಲ್ಲ ಕೇಳಿ ಗುರುಬಾಯಿ ತೀರ್ಪು ಕೊಟ್ಟಳು: ಬೇಗಂಪೇಟೆಯಲ್ಲಿ ಒಬ್ಬಳಿದ್ದಾಳೆ. ಅವಳು ಉಗುರಿಗೆ ಬಣ್ಣ ಹಚ್ಚುತ್ತಾಳೆ. ಇವನು ಹೋಗಿ ಸೀಟಿ ಊದಿದರೆ ಹೊರಗೆ ಬರುತ್ತಾಳೆ. ಶಿವದೇವಿಯನ್ನು ದಾರಿಯಿಂದ ಸರಿಸಲು ಮಾಟ ಮಾಡಿಸಿದವಳೂ ಅವಳೇ!

ಅಂದಿನಿಂದ ಮನೆಯಲ್ಲಿ ಯುದ್ಧ ಸಾರಿಯಾಯಿತು. ವೈಜನಾಥನ ದಿಂಬಿನ ಕೆಳಗೆ ನಿಂಬೆಹಣ್ಣು ಸೇರಿತು. ಮಜ್ಜಿಗೆಯಲ್ಲಿ ಮಂತ್ರಿಸಿದ ಅಂಗಾರದ ಬೂದಿ ಬಿತ್ತು. ಕೆಂಡಕ್ಕೆ ಮೆಣಸಿನಕಾಯಿ ಸುರಿದಾಗ ಇಡೀ ಲೈನಿನ ಜನ ಸೀನಿತು. ಅಂಗಿಯ ಕಾಲರಿನಲ್ಲಿ ತಾಯಿತ ಹೊಲಿದಾಯಿತು. "ಈ ಅಂಗಿ ಯಾಕ ಚುಚ್ಚಾಕತ್ತೈತಿ?" ಎಂದು ಕೊರಳು ಕೆರೆದುಕೊಂಡನೇ ಹೊರತು ವೈಜನಾಥನ ಗುನುಗು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಶಿವದೇವಿ ಎಣ್ಣೆಗಾಯಿ ಮಾಡಲು ಕುಳಿತವಳು ಬದನೆಕಾಯಿ ಸೀಳುತ್ತ ಸೀಳುತ್ತ ಅತ್ತುಬಿಟ್ಟಳು. ಮಾಟಕ್ಕೆ ಅವಳು ಅಂಜಿದ್ದಳು, ನಿಜ. ಆದರೆ ಇಷ್ಟು ವರ್ಷ ತನ್ನ ಕೈಯ ರೊಟ್ಟಿ ತಿಂದವನು ತನ್ನನ್ನು ಬೇಡವೆಂದನಲ್ಲ ಎಂಬುದು ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ಕಣ್ಣೊರೆಸಿಕೊಂಡು ನಿಶ್ಚಯಿಸಿದಳು: ಬರುವ ರವಿವಾರ ಆ ಬಣ್ಣದ ಉಗುರಿನವಳ ಜುಟ್ಟು ತನ್ನ ಕೈಯಲ್ಲಿರಬೇಕು!

ರವಿವಾರ ವೈಜನಾಥನ ಸ್ಕೂಟರು ಓಣಿ ದಾಟುತ್ತಲೇ ಶಿವದೇವಿ, ಗುರುಬಾಯಿ ಆಟೋ ಹತ್ತಿದರು.

"ಕಹಾಂ ಜಾನಾ ಅಮ್ಮಾ?"

"ವೋ ಸ್ಕೂಟರ್ ಕೇ ಪೀಛೇ ಚಲೋ ಭಾಯಿ! ಮಗರ್ ಉನೋಕು ದಿಖನಾ ನೈ!" ಸ್ಕೂಟರಿನ ಬೆನ್ನು ಹತ್ತಬೇಕು, ಆದರೆ ಅವನ ಕಣ್ಣಿಗೆ ಬೀಳಬಾರದು ಎಂದು ಶಿವದೇವಿಯ ಅಪ್ಪಣೆ.

ಆಟೋದವನು ಕನ್ನಡಿಯಲ್ಲಿ ಇಬ್ಬರ ಮುಖ ನೋಡಿದ. ಎಲ್ಲ ತಿಳಿದವನಂತೆ ತಲೆ ಆಡಿಸಿದ. "ಫಿಕರ್ ನಕ್ಕೊ ಕರೋ ಅಮ್ಮಾ," ಎಂದು ಅಭಯ ಕೊಟ್ಟು ಗಾಡಿ ಬಿಟ್ಟ.

ಬೇಗಂಪೇಟೆಯ ತಿರುವು ಬಂತು. ಸ್ಕೂಟರು ಅತ್ತ ಮೂಗು ಕೂಡ ತಿರುಗಿಸಲಿಲ್ಲ. "ಬೇಗಂಪೇಟಿನೂ ಸುಳ್ಳು!" ಎಂದು ಗುರುಬಾಯಿ ತೊಡೆ ಬಡಿದಳು. ಊರು ಹಿಂದೆ ಬಿತ್ತು. ಬಂಡೆಗಳು ಬಂದವು, ಸೀತಾಫಲದ ಗಿಡಗಳು ಬಂದವು. ಕಡೆಗೆ ಸ್ಕೂಟರು ನಿಂತದ್ದು ಗಂಡಿಪೇಟೆ ಕೆರೆಯ ದಂಡೆಯ ಹತ್ತಿರ. ಈ ಕೆರೆಯ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗುವುದಿಲ್ಲವೆಂದು ಊರಿನ ಮಾತು. ಕುಡಿದವರು ಹೆಂಡತಿಯನ್ನು ಬಿಡುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಇಬ್ಬರೂ ಬಾಗಿ ಬಾಗಿ ನಡೆದು ನೀರಿನ ಅಂಚಿನಲ್ಲಿದ್ದ ಒಂದು ಪೊದೆಯ ಹಿಂದೆ ಕುಳಿತರು. ಅಲ್ಲಿಂದ ಕಂಡ ದೃಶ್ಯ!

ವೈಜನಾಥ ತೊಡೆಯವರೆಗೆ ಬರುವ ಕರೀ ರಬ್ಬರ್ ಬೂಟು ತೊಟ್ಟಿದ್ದ. ತಲೆಗೆ ಮೊರದಗಲ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೊರಳಲ್ಲಿ ಸೀಟಿ. ಒಂದು ಕೋಲಿನಿಂದ ನೀರಿನ ಆಳ ತಡವುತ್ತ, ಹೆಜ್ಜೆ ಊರಿ ಊರಿ ಮೊಣಕಾಲುದ್ದ ನೀರಿಗೆ ಇಳಿದ. ಆಮೇಲೆ ನಕ್ಷೆಯ ಕೊಳವೆ ತೆರೆದ. ಒಳಗಿಂದ ನಕ್ಷೆ ಬರಲಿಲ್ಲ. ತುಂಡು ತುಂಡಾಗಿ ಒಂದು ಬೆತ್ತ ಬಂತು. ತುಂಡುಗಳನ್ನು ಒಂದರೊಳಗೊಂದು ಕೂಡಿಸಿದರೆ ಅದು ಅವನ ಎರಡರಷ್ಟು ಉದ್ದವಾಯಿತು! ತಿರುಗಿ ಹಿಂದೆ ಒಮ್ಮೆ ನೋಡಿ, ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತ, "ಒಂದು... ಎರಡು... ಒಂದು... ಎರಡು..." ಎಂದು ಗೊಣಗತೊಡಗಿದ.

"ಮಂತ್ರದ ಬೆತ್ತ!" ಗುರುಬಾಯಿ ಪಿಸುಗುಟ್ಟಿದಳು. "ನೀರಾಗ ನಿಂತು ಜಪಾ ಮಾಡಾಕತ್ತಾನ. ಮುಗೀತು, ಶಿವದೇವಿ, ಮುಗೀತು!"

ಹೆಂಗಸು ಎಲ್ಲೂ ಕಾಣಲಿಲ್ಲ. ಅಂದರೆ ತನ್ನ ಜೀವವೇ ಗುರಿ! ಶಿವದೇವಿಗೆ ಇನ್ನು ತಡೆಯಲಾಗಲಿಲ್ಲ. "ನಿಮ್ಮ ಹೆಂಡ್ತಿ ಏನ್ ಮಾಡಿದ್ಳಂತ ಈ ಮಾಟಾ ಮಾಡಾಕತ್ತೀರಿ?" ಎಂದು ಪೊದೆಯಿಂದ ದಿಗ್ಗನೆ ಎದ್ದು ನಿಂತಳು.

ಬೆತ್ತ ಆಗಷ್ಟೇ ಹಿಂದಕ್ಕೆ ಬಂದಿತ್ತು. ಸುಂಯ್! ಏನೋ ಬಂದು ಅವಳ ತುರುಬಿಗೆ ಕಚ್ಚಿತು. ಮರುಕ್ಷಣ ಬೆತ್ತ ಮುಂದಕ್ಕೆ ಹೋಯಿತು. ಅದರ ಹಿಂದೆ ದಾರ ಹೋಯಿತು. ದಾರದ ಹಿಂದೆ, ಸನತ್‌ನಗರ ಕ್ವಾರ್ಟರ್ಸಿನ ಕೀರ್ತಿಯಾದ ಆ ತುರುಬು ಹೇರ್‌ಪಿನ್ನುಗಳನ್ನು ಉದುರಿಸುತ್ತ ಆಕಾಶಮಾರ್ಗವಾಗಿ ಸಾಗಿ ಗಂಡಿಪೇಟೆಯ ನೀರಿನಲ್ಲಿ ಪಚಕ್ ಎಂದು ಬಿತ್ತು!

ಬಿದ್ದದ್ದೇ ತಡ, ನೀರು ಬುಳುಕ್ ಎಂದಿತು. ಬೆತ್ತ ಬಿಲ್ಲಾಗಿ ಬಾಗಿತು. ವೈಜನಾಥ ಕುಣಿದಾಡಿ, ಎಳೆದಾಡಿ, ಮೇಲಕ್ಕೆತ್ತಿದರೆ ಮೊಳದುದ್ದದ ಕರೀ ಮೀನು, ಬಾಯಲ್ಲಿ ಶಿವದೇವಿಯ ಚೌರಿ!

"ಬಿತ್ತು! ಇಷ್ಟ ದೊಡ್ಡ ಕೊರಮೀನು!" ಎಂದು ಹಿಗ್ಗಿ ತಿರುಗಿದವನು, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನಿಂತ ಹೆಂಡತಿಯನ್ನು ಕಂಡ. ಬಾಯಿ ತೆರೆದದ್ದು ತೆರೆದೇ ಉಳಿಯಿತು, ಅವನದೂ, ಮೀನಿನದೂ.

"ಅಯ್ಯ ಶಿವದೇವಿ, ನಿನ್ನ ಮಾರುದ್ದ ಕೂದಲಾ!" ಎಂದಳು ಗುರುಬಾಯಿ. ಹಾಗೆನ್ನುತ್ತ ತನ್ನ ತುರುಬನ್ನೂ ಒಮ್ಮೆ ಮುಟ್ಟಿ ಬಿಗಿ ಮಾಡಿಕೊಂಡಳು.

"ಹಿಂದ ಮುಂದ ನೋಡಿ ಬೀಸಬೇಕಂತ ತಿಳೀದಿಲ್ಲೇನ್ರಿ ನಿಮಗ?" ಎಂದು ಶಿವದೇವಿ ಗಂಡನ ಮೇಲೆ ಹರಿಹಾಯ್ದಳು.

"ನೋಡೇ ಬೀಸೀನಿ! ಹೆಂಡ್ತಿ ಗಿಡದ ಹಿಂದ ಕೂತಿರ್ತಾಳಂತ ಬೀಸೂದು ಕಲಿಸಿದ ಸಾಹೇಬ ಹೇಳಿರಲಿಲ್ಲ."

ಆಗ ಗುಟ್ಟು ಹೊರಬಿತ್ತು. ಕಾರ್ಖಾನೆಗೆ ಬಂದಿದ್ದ ವಿಲಾಯತಿ ಇಂಜಿನಿಯರ್ ಸಾಹೇಬ ವೈಜನಾಥನಿಗೆ ಗಾಳ ಹಾಕಿ ಮೀನು ಹಿಡಿಯುವ ಈ ಚಟ ಹಚ್ಚಿಸಿದ್ದ. ಊರಿಗೆ ಮರಳುವಾಗ ಬೆತ್ತ, ಬೂಟು, ಟೋಪಿ ಎಲ್ಲ ಇವನಿಗೇ ಕೊಟ್ಟು ಹೋಗಿದ್ದ. ಇದಕ್ಕೆ ಎರೆಹುಳ ಬೇಡ. ಯಾವ ಮೀನಿಗೆ ಏನು ಇಷ್ಟವೆಂದು ತಿಳಿದು, ಪುಕ್ಕ, ದಾರ, ಕೂದಲಿನಿಂದ ಅಂಥದೇ ಹುಳ ಕಟ್ಟಿ ನೀರಿನ ಮೇಲೆ ಬೀಸಬೇಕು.

"ಉಗುರಬಣ್ಣ?"

"ಗಂಟು ಬಿಚ್ಚಬಾರದಂತ ಮ್ಯಾಲ ಹಚ್ಚೂದು."

"ಕರೀ ಕನ್ನಡಕ?"

"ಕೊಕ್ಕಿ ಬಂದು ಕಣ್ಣಿಗೆ ಬಡೀಬಾರದಲ್ಲ."

"ಮತ್ತ ಸೀಟಿ?"

"ಕಾಲು ಜಾರಿದ್ರ ಊದಾಕ."

"ಇಲ್ಲಿ ಊದಿದ್ರ ಯಾರು ಬರ್ತಾರ?"

ವೈಜನಾಥ ತಲೆ ತಗ್ಗಿಸಿದ. "ಎಲ್ಲಿಗೆ ಹೊಂಟೀನಂತ ಮನ್ಯಾಗ ಹೇಳೇ ಹೋಗು ಅಂತ ಸಾಹೇಬ ಹೇಳಿದ್ದ. ಅದೊಂದ ಆಗಲಿಲ್ಲ ನೋಡು. ಜ್ಯೋತಿಷಿ ನಿನ್ನದು ಮೀನ ರಾಶಿ ಅಂದಿದ್ದಕ್ಕ ಬಾಯಿ ಮುಕ್ಕಳಿಸಿದಾಕಿ ನೀ. ನಿನಗೆಂಗ ಹೇಳ್ಲಿ?"

"ಜಾರಿ ಬಿದ್ದಿದ್ರ ನಾ ನಿಮ್ಮನ್ನ ಬೇಗಂಪೇಟಿ ಆಫೀಸಿನ್ಯಾಗ ಹುಡುಕ್ತಿದ್ನಲ್ರೀ!" ಎಂದಳು ಶಿವದೇವಿ. ಬೇರೆ ಹೆಂಗಸಿಲ್ಲ, ಮಾಟವಿಲ್ಲ, ಬರೀ ಮೀನು! ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮೀನನ್ನು ಕಂಡು ಅವಳಿಗೆ ಸಮಾಧಾನವಾಯಿತು. ಆಮೇಲೆ ಮೆಲ್ಲಗೆ ಕೇಳಿದಳು: "ಚೌರಿ ವಿಷಯ ನಿಮಗ ಯಾವಾಗ ತಿಳೀತು?"

"ಲಗ್ನಾದ ವರ್ಷಾನ. ಬಿಸ್ಕೀಟು ಹುಡಿಕ್ಯಾಡಾಕ ಹೋಗಿದ್ದೆ."

ವೈಜನಾಥ ಮೀನಿನ ಬಾಯಿಂದ ಚೌರಿ ಬಿಡಿಸಿ, ಹಿಂಡಿ, ಗೌರವದಿಂದ ಹೆಂಡತಿಗೆ ಒಪ್ಪಿಸಿದ. ಮೀನನ್ನು ನೀರಿನಲ್ಲಿ ಮೆಲ್ಲಗೆ ಹಿಡಿದು ಉಸಿರಾಡಲು ಬಿಟ್ಟು, ಕೈ ಸಡಿಲಿಸಿದ. ಅದು ಬಾಲ ಬೀಸಿ ಹೊರಟುಹೋಯಿತು.

ಶಿವದೇವಿಗೆ ಮೈಯೆಲ್ಲ ಉರಿದುಹೋಯಿತು. "ಹೊಳ್ಳಿ ಬಿಡೂದಿದ್ರ ಹಿಡಿಯೂದು ಯಾಕ್ರಿ? ಇದ್ಯಾವ ಹುಚ್ಚು!"

"ದಿನಾ ಮುಂಜಾನೆ ನಾ ಪೂಜಾಕ್ಕ ಕೂತಾಗ ನೀ ನನ್ನ ಕಿಸೆಕ್ಕ ಕೈ ಹಾಕಿ, ಎಲ್ಲಾ ಹೊರಗ ತಗದು, ನೋಡಿ, ಹೊಳ್ಳಿ ಹಾಂಗ ಇಡ್ತಿಯಲ್ಲ, ಆ ಹುಚ್ಚು."

ಗುರುಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ದೂರದಲ್ಲಿ ನಿಂತಿದ್ದ ಆಟೋದವನೂ ಭಾಷೆ ತಿಳಿಯದೆಯೇ ನಕ್ಕ. ಶಿವದೇವಿ ಒದ್ದೆ ಚೌರಿಯನ್ನು ಎತ್ತಿ ಹಿಡಿದು ಅಲ್ಲೇ ಶಪಥ ಮಾಡಿದಳು: "ಇನ್ನ ನಿಮ್ಮ ಕಿಸೆಕ್ಕ ಕೈ ಹಾಕಿದ್ರ ಕೇಳ್ರಿ!"

ಎಂಟು ದಿನ ಮಾತು ಉಳಿಸಿಕೊಂಡಳು. ಕೈಯನ್ನು ಹಿಟ್ಟಿನಲ್ಲಿ, ನೀರಿನಲ್ಲಿ, ಎಲ್ಲೆಲ್ಲೋ ತೊಡಗಿಸಿಟ್ಟಳು. ಆದರೆ ಒಂದು ಮುಂಜಾನೆ, ಗೂಟಕ್ಕೆ ತೂಗುತ್ತಿದ್ದ ಪ್ಯಾಂಟಿನ ಕಿಸೆ ಎಂದೂ ಇಲ್ಲದಷ್ಟು ಉಬ್ಬಿಕೊಂಡಿತ್ತು. ಅಷ್ಟು ಉಬ್ಬಿದ ಕಿಸೆಯನ್ನು ಕಂಡು ಸುಮ್ಮನಿರಲು ಅವಳೇನು ಸನ್ಯಾಸಿನಿಯೇ? ದೇವರ ಕೋಣೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೈ ಇಳಿಸಿದಳು. ಕಾಗದದ ಪೊಟ್ಟಣ. ಬಿಚ್ಚಿದಳು. ಒಳಗೆ ಹೊಚ್ಚಹೊಸ ಚೌರಿ! ದಪ್ಪನೆಯದು, ಉದ್ದನೆಯದು, ನುಣ್ಣಗೆ ಹೊಳೆಯುವಂಥದು. ಎದೆಗೊತ್ತಿಕೊಂಡಳು.

ಪೀ...!

ಬೆಚ್ಚಿ ತಿರುಗಿದಳು. ದೇವರ ಕೋಣೆಯ ಬಾಗಿಲಲ್ಲಿ ವೈಜನಾಥ ನಿಂತಿದ್ದ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಸೀಟಿ.

"ಬಿತ್ತು!" ಎಂದ.